ಮಾಲೆ ತೆಗೆದ ಮರುದಿನ: ಕುಡಿತ, ಖಿನ್ನತೆ ಮತ್ತು ನಮ್ಮ ವ್ರತ



ಸ್ವಾಮಿಗಳೇ, ಮಾಲೆ ಹಾಕುವ ಕ್ರಮ, ಇರುಮುಡಿ ಕಟ್ಟುವ ಕ್ರಮ, ದಾರಿಯ ನಿಯಮ ಇವುಗಳನ್ನು ಈ ಸರಣಿಯಲ್ಲಿ ಈಗಾಗಲೇ ಓದಿದ್ದೀರಿ. ಇವತ್ತಿನ ಪಾಠ ನಮ್ಮಲ್ಲಿ ಹೆಚ್ಚಿನವರು ಬಾಯಿಬಿಟ್ಟು ಮಾತಾಡದ ವಿಷಯದ್ದು. ಒಂದು, ಕುಡಿತ, ಗುಟ್ಕಾ, ಗಾಂಜಾ ಇಂಥ ಚಟ. ಇನ್ನೊಂದು, ಡಿಪ್ರೆಶನ್ ಅಂದರೆ ಖಿನ್ನತೆ. ಇವುಗಳಿಂದ ಹೊರಬರುವವರಿಗೆ ವ್ರತ, ಜಪ, ಧ್ಯಾನ ಹೇಗೆ ಸಹಾಯ ಮಾಡುತ್ತವೆ, ಎಲ್ಲಿ ಡಾಕ್ಟರ್ ಬೇಕೇ ಬೇಕು, ಮಾಲೆ ತೆಗೆದ ಮೇಲೆ ಏನು ಮಾಡಬೇಕು ಎಂದು ನೋಡೋಣ.

1. "41 ದಿನ ಬಿಟ್ಟಿದ್ದೇನೆ, ಮತ್ತೆ ಚಟ ಎಲ್ಲಿಯದು?"

ಪ್ರತಿ ವರ್ಷ ವೃಶ್ಚಿಕ ಮಾಸ ಹತ್ತಿರ ಬಂದಾಗ ಯಾರಾದರೊಬ್ಬರು ಈ ಮಾತು ಹೇಳುತ್ತಾರೆ. "ಸ್ವಾಮಿ, ಮಾಲೆ ಹಾಕಿದ ಮೇಲೆ ನಾನು ಒಂದು ಹನಿ ಮುಟ್ಟುವುದಿಲ್ಲ. ಚಟ ಇದ್ದಿದ್ದರೆ ಆಗ್ತಿತ್ತಾ?"

ಪ್ರಾಮಾಣಿಕವಾಗಿ ಕೇಳುವ ಪ್ರಶ್ನೆ ಇದು, ಉತ್ತರವನ್ನೂ ಪ್ರಾಮಾಣಿಕವಾಗಿ ಕೊಡಬೇಕು. 41 ದಿನ ಬಿಟ್ಟದ್ದು ನಿಮ್ಮ ಶಕ್ತಿಗೆ ಸಾಕ್ಷಿ, ಅದರಲ್ಲಿ ಅನುಮಾನ ಬೇಡ. ಆದರೆ 42ನೇ ದಿನ ನೀವು ಏನು ಮಾಡುತ್ತೀರಿ ಎಂಬುದಕ್ಕೆ ಅದು ಸಾಕ್ಷಿಯಲ್ಲ. ಚಟ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಬೇರೆ ಪ್ರಶ್ನೆ ಕೇಳಿಕೊಳ್ಳಿ. ವ್ರತದ ಕೊನೆಯ ವಾರ ನಿಮ್ಮ ಮನಸ್ಸು ಸನ್ನಿಧಾನವನ್ನು ನೆನೆಯುತ್ತದೆಯೋ, ಮಾಲೆ ತೆಗೆಯುವ ದಿನವನ್ನು ಎಣಿಸುತ್ತದೆಯೋ? ವಾಪಸು ಬರುವ ರೈಲಿನಲ್ಲೇ ಪಾರ್ಟಿಯ ಮಾತು ಶುರುವಾಗುತ್ತದೆಯೋ?

ಕ್ಯಾಲೆಂಡರ್ ಕೂಡ ಇಲ್ಲಿ ನಮಗೆ ಕಷ್ಟ ಕೊಡುತ್ತದೆ. ಮಂಡಲ ಪೂಜೆ ಡಿಸೆಂಬರ್ 26 ಅಥವಾ 27ರ ಸುಮಾರಿಗೆ ಬರುತ್ತದೆ. ಆ ಹೊತ್ತಿಗೆ ದರ್ಶನ ಮುಗಿಸಿ ಊರಿಗೆ ಬಂದು ಮಾಲೆ ತೆಗೆದವರಿಗೆ ಎರಡು ಮೂರು ದಿನದಲ್ಲೇ 31ನೇ ತಾರೀಖಿನ ರಾತ್ರಿ. ಇಡೀ ವರ್ಷದಲ್ಲಿ ಅತಿ ಹೆಚ್ಚು ಒತ್ತಾಯ ಇರುವ ರಾತ್ರಿ, ನಮಗೆ ರಕ್ಷಣೆ ಅತಿ ಕಡಿಮೆ ಇರುವ ವಾರದಲ್ಲೇ ಬರುತ್ತದೆ.

2. ವ್ರತ ಕೆಲಸ ಮಾಡುವುದು ಹೇಗೆ?

ವ್ರತದ ಫಲ ಅಯ್ಯಪ್ಪನ ಕೃಪೆ ಎಂದು ನಂಬುವವನು ನಾನು. ಆದರೆ ಆ ಕೃಪೆ ನಮ್ಮ ದಿನಚರಿಯಲ್ಲಿ ಯಾವ ರೂಪದಲ್ಲಿ ಬರುತ್ತದೆ ಎಂದು ಬಿಡಿಸಿ ನೋಡಿದರೆ ಐದು ವಿಷಯ ಕಾಣುತ್ತದೆ.

ಒಂದು, ಹೊತ್ತು. ಬೆಳಗಿನ ತಣ್ಣೀರ ಸ್ನಾನ, ದೀಪ, ಸಂಜೆಯ ಶರಣು. ಏಳುವುದಕ್ಕೂ ಮಲಗುವುದಕ್ಕೂ ಒಂದು ಸಮಯ ಬರುತ್ತದೆ.
ಎರಡು, ಸಂಗ. ಕೆಲಸ ಬಿಟ್ಟು ಡೊಂಬಿವಲಿ ಸ್ಟೇಷನ್‌ನಲ್ಲಿ ಇಳಿದರೆ ಕಾಲು ಬಾರಿನ ಕಡೆ ಹೋಗದೆ ಭಜನೆಯ ಕಡೆ ಹೋಗುತ್ತದೆ.
ಮೂರು, ಹೆಸರು. ನಿನ್ನೆಯವರೆಗೆ "ಕುಡುಕ" ಅನ್ನಿಸಿಕೊಂಡವನನ್ನೂ ಎಲ್ಲರೂ "ಸ್ವಾಮಿ" ಎಂದೇ ಕರೆಯುತ್ತಾರೆ.
ನಾಲ್ಕು, ಗುರುತು. ಕೊರಳಲ್ಲಿ ಮಾಲೆ, ಕಪ್ಪು ಬಟ್ಟೆ ಇದ್ದವನಿಗೆ ಆಫೀಸಿನಲ್ಲಿ ಯಾರೂ ಗ್ಲಾಸ್ ನೀಡುವುದಿಲ್ಲ. "ಬೇಡ" ಎಂದು ಹೇಳುವ ಕೆಲಸ ಮಾಲೆಯೇ ಮಾಡುತ್ತದೆ.
ಐದು, ಸೇವೆ. ಅನ್ನದಾನದಲ್ಲಿ ಬಡಿಸುವುದು, ಪಾತ್ರೆ ತೊಳೆಯುವುದು. ತನ್ನ ದುಃಖದೊಳಗೇ ಸುತ್ತುವ ಮನಸ್ಸಿಗೆ ಹೊರಗೆ ಒಂದು ಕೆಲಸ ಸಿಗುತ್ತದೆ.

ಮಾಲೆ ತೆಗೆದ ದಿನ ಈ ಐದೂ ಒಟ್ಟಿಗೆ ಹೋಗುತ್ತವೆ. ಸ್ನಾನದ ಹೊತ್ತು ತಪ್ಪುತ್ತದೆ, ಭಜನೆ ನಿಲ್ಲುತ್ತದೆ, "ಸ್ವಾಮಿ" ಮತ್ತೆ ಹಳೆಯ ಹೆಸರಾಗುತ್ತದೆ, ಕೊರಳು ಖಾಲಿ, ಸೇವೆ ಮುಂದಿನ ವರ್ಷಕ್ಕೆ. ಸಪೋರ್ಟ್ ಕೆಲಸದಲ್ಲಿ ನಾವು ದಿನಾ ನೋಡುವುದೂ ಇದನ್ನೇ: ರೀಸ್ಟಾರ್ಟ್ ಮಾಡಿದರೆ ಯಂತ್ರ ಚೆನ್ನಾಗಿ ಓಡುತ್ತದೆ, ಕಾರಣ ಹುಡುಕದಿದ್ದರೆ ಅದೇ ದೂರು ಮತ್ತೆ ಬರುತ್ತದೆ. ಪಾಠದ ಮುಖ್ಯ ಮಾತು ಇಷ್ಟೇ. ಮಾಲೆ ತೆಗೆಯಬಹುದು, ಈ ಐದನ್ನೂ ತೆಗೆಯಬಾರದು.

3. ದಿನಾ ಕುಡಿಯುವವರು ಮಾಲೆಗೆ ಮೊದಲು ಡಾಕ್ಟರನ್ನು ನೋಡಬೇಕು

ಇದನ್ನು ಎಲ್ಲ ಗುರುಸ್ವಾಮಿಗಳೂ ದಯವಿಟ್ಟು ಓದಬೇಕು. ವಾರಕ್ಕೊಮ್ಮೆ ಕುಡಿಯುವವರು ಒಂದೇ ದಿನದಲ್ಲಿ ನಿಲ್ಲಿಸಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ವರ್ಷಗಟ್ಟಲೆ ಪ್ರತಿದಿನ ಹೆಚ್ಚು ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು ಏಕಾಏಕಿ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ ಆಗಬಹುದು. ಕೊನೆಯ ಗ್ಲಾಸ್ ಆದ ಕೆಲವು ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಇಲ್ಲದ್ದು ಕಾಣುವುದು, ಕೇಳುವುದು, ಎಲ್ಲಿದ್ದೇನೆಂದು ತಿಳಿಯದಿರುವುದು ಆಗುತ್ತದೆ.

ಆ ಹೊತ್ತಿನಲ್ಲಿ "ಸ್ವಾಮಿ ಮೈಮೇಲೆ ಬಂದಿದ್ದಾರೆ" ಎಂದೋ "ವ್ರತದಲ್ಲಿ ಏನೋ ದೋಷ ಆಗಿದೆ" ಎಂದೋ ಕೂರಬಾರದು. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಮೊದಲೇ ಡಾಕ್ಟರನ್ನು ಕಂಡರೆ ಕೆಲವು ದಿನ ಮಾತ್ರೆ ಮತ್ತು ಬಿ1 ವಿಟಮಿನ್ ಕೊಟ್ಟು ದೇಹವನ್ನು ನಿಧಾನವಾಗಿ ಇಳಿಸುತ್ತಾರೆ. ಆದ್ದರಿಂದ ಇಂಥ ಸ್ವಾಮಿಗಳು ಮಾಲೆಯ ದಿನಕ್ಕೆ ಎರಡು ವಾರ ಮೊದಲೇ ಡಾಕ್ಟರ ಬಳಿ ಹೋಗಲಿ. ಕುಡಿತ ನಿಲ್ಲಿಸಿ ದೇಹ ಸ್ಥಿರವಾದ ಮೇಲೆ ಮಾಲೆ ಹಾಕಲಿ.

ಬ್ರೌನ್ ಶುಗರ್‌ನಂಥ ಮಾದಕ ವಸ್ತು ಸೇವಿಸುತ್ತಿದ್ದವರಿಗೆ ಇನ್ನೊಂದು ಎಚ್ಚರಿಕೆ. 41 ದಿನ ಬಿಟ್ಟ ದೇಹಕ್ಕೆ ಹಳೆಯ ತಾಳಿಕೆ ಇರುವುದಿಲ್ಲ. ಮೊದಲಿನಷ್ಟೇ ಪ್ರಮಾಣ ಮತ್ತೆ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

4. ಮನಸ್ಸಿನ ಕಾಯಿಲೆಯ ಮಾತ್ರೆ ವ್ರತಕ್ಕೆ ಅಡ್ಡಿಯೇ?

ಅಲ್ಲ. ಇದನ್ನು ನಾನು ಕೇಳಿ ತಿಳಿದವನು. ನಾನೂ ಖಿನ್ನತೆಗೆ ಚಿಕಿತ್ಸೆ ಪಡೆದವನೇ. ರಾತ್ರಿ ಪಾಳಿ ಮುಗಿಸಿ ಐರೋಲಿಯಿಂದ ಥಾಣೆಗೆ ಬಂದು, ಕಲ್ಯಾಣ್ ಲೋಕಲ್ ಹಿಡಿಯದೆ ಪ್ಲಾಟ್‌ಫಾರ್ಮ್ ಬೆಂಚಿನ ಮೇಲೆ ಒಂದೆರಡು ಗಂಟೆ ಸುಮ್ಮನೆ ಕೂತುಬಿಡುತ್ತಿದ್ದ ದಿನಗಳಿದ್ದವು. ಮಾತ್ರೆ ಶುರುವಾದ ವರ್ಷವೇ ಮಾಲೆ ಹಾಕುವ ಆಸೆಯಾಯಿತು. ಗುರುಸ್ವಾಮಿಯವರನ್ನು ಕೇಳಿದೆ, "ಗುರುಸ್ವಾಮಿ, ನಾನು ಮಾತ್ರೆ ತಗೊಳ್ತಾ ಇದ್ದೇನೆ. ವ್ರತಕ್ಕೆ ಭಂಗ ಆಗುತ್ತದಾ?" ಅವರು ಕೇಳಿದರು, "ಸಕ್ಕರೆ ಕಾಯಿಲೆಯ ಸ್ವಾಮಿ ಇನ್ಸುಲಿನ್ ಬಿಟ್ಟು ಬೆಟ್ಟ ಹತ್ತುತ್ತಾರಾ?" ಆಮೇಲೆ, "ಡಾಕ್ಟರ್ ನಿಲ್ಲಿಸು ಅನ್ನುವವರೆಗೆ ನಿಲ್ಲಿಸಬೇಡಿ ಸ್ವಾಮಿ. ಚೀಟಿ ನನಗೂ ಒಂದು ಕಾಪಿ ಕೊಡಿ" ಎಂದರು.

ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಗುಣ ಕಂಡ ಮೇಲೂ ತಿಂಗಳುಗಟ್ಟಲೆ ಮುಂದುವರಿಸಲು ಡಾಕ್ಟರ್ ಹೇಳುತ್ತಾರೆ. ವ್ರತದ ಸಂಭ್ರಮದಲ್ಲಿ ಮನಸ್ಸು ಹಗುರಾಯಿತೆಂದು ಮಧ್ಯೆ ನಿಲ್ಲಿಸಿದರೆ ತಲೆಸುತ್ತು, ತಳಮಳ ಬರಬಹುದು, ಕಾಯಿಲೆಯೂ ಮರಳಬಹುದು. ಲಿಥಿಯಂ ಮಾತ್ರೆ ತೆಗೆದುಕೊಳ್ಳುವವರು ಉಪವಾಸ, ಬೆಟ್ಟದ ಬೆವರು, ಕಡಿಮೆ ನೀರು ಇವುಗಳ ಬಗ್ಗೆ ಹೊರಡುವ ಮೊದಲೇ ಡಾಕ್ಟರ ಜೊತೆ ಮಾತಾಡಲೇಬೇಕು. ಯಾತ್ರೆಗೆ ಹೊರಡುವಾಗ ಮಾತ್ರೆಯನ್ನು ಇರುಮುಡಿಯಲ್ಲಿ ಇಡಬೇಡಿ, ಅದನ್ನು ಬೇಕೆಂದಾಗ ಬಿಚ್ಚಲಾಗದು. ಹೆಗಲ ಚೀಲದಲ್ಲಿ ಚೀಟಿಯ ಜೊತೆಗೆ, ಮೂರು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೊಳ್ಳಿ.

5. ನಮ್ಮ ಸುತ್ತಮುತ್ತಲಿನ ಮೂರು ಉದಾಹರಣೆ

ಅಧ್ಯಾತ್ಮ ಮತ್ತು ಚಿಕಿತ್ಸೆ ಜೊತೆಯಾಗಿ ನಡೆಯುತ್ತವೆ ಎಂಬುದಕ್ಕೆ ದೂರ ಹೋಗಬೇಕಿಲ್ಲ.

ಮೊದಲನೆಯದು ಮುಂಬಯಿಯದೇ. 1981ರಲ್ಲಿ ಫಾದರ್ ಜೋ ಪಿರೇರಾ ಬಾಂದ್ರಾದಲ್ಲಿ ಕೃಪಾ ಫೌಂಡೇಶನ್ ಶುರುಮಾಡಿದರು. ಅಲ್ಲಿ ಕುಡಿತ ಬಿಡುವವರಿಗೆ ಎರಡು ಆಧಾರ. ಒಂದು, ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಹನ್ನೆರಡು ಮೆಟ್ಟಿಲು. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಒಬ್ಬರಿಗೊಬ್ಬರು ಆಸರೆಯಾಗಿ ಶುರುಮಾಡಿದ ಈ ಕೂಟದ ಹನ್ನೊಂದನೇ ಮೆಟ್ಟಿಲೇ ಪ್ರಾರ್ಥನೆ ಮತ್ತು ಧ್ಯಾನ. ಎರಡನೇ ಆಧಾರ ಯೋಗ. ಫಾದರ್ ಅದನ್ನು ಕಲಿತದ್ದು ಬಿ.ಕೆ.ಎಸ್. ಅಯ್ಯಂಗಾರರಿಂದ. ಅಯ್ಯಂಗಾರರು ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿ ಮಲೇರಿಯಾ, ಕ್ಷಯ, ಟೈಫಾಯಿಡ್ ಎಲ್ಲ ಕಂಡು, ಮೈಸೂರಿನಲ್ಲಿ ಯೋಗ ಕಲಿತು, 1937ರಲ್ಲಿ ಪುಣೆಗೆ ಬಂದವರು. ಕ್ರೈಸ್ತ ಪಾದ್ರಿ, ಅಯ್ಯಂಗಾರರ ಯೋಗ, ಅಮೆರಿಕದ ಮೆಟ್ಟಿಲು ಎಲ್ಲವೂ ಒಂದೇ ಸೂರಿನಡಿ. ಎರುಮೇಲಿಯಲ್ಲಿ ವಾವರ ಮಸೀದಿಗೆ ಹೋಗಿ ಬೆಟ್ಟ ಹತ್ತುವ ನಮಗೆ ಇದು ವಿಚಿತ್ರ ಅನ್ನಿಸಬಾರದು.

ಎರಡನೆಯದು ಬೆಂಗಳೂರಿನ ನಿಮ್ಹಾನ್ಸ್. 2000ನೇ ಇಸವಿಯಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ ತೀವ್ರ ಖಿನ್ನತೆಯಿಂದ ದಾಖಲಾದ 45 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವಿದ್ಯುತ್ ಚಿಕಿತ್ಸೆ, ಒಂದಕ್ಕೆ ಇಮಿಪ್ರಮೀನ್ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯೆ ಎಂಬ ಉಸಿರಿನ ಅಭ್ಯಾಸ. ನಾಲ್ಕು ವಾರದ ಕೊನೆಗೆ ಖಿನ್ನತೆ ಇಳಿದವರು ಕ್ರಮವಾಗಿ ಶೇ. 93, 73, 67. ಉಸಿರಿನ ಅಭ್ಯಾಸ ಮಾತ್ರೆಯ ಹತ್ತಿರಕ್ಕೆ ಬಂತು, ಆದರೆ ವಿದ್ಯುತ್ ಚಿಕಿತ್ಸೆಯೇ ಮುಂದಿತ್ತು. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕುಡಿತಕ್ಕೆ ದಾಖಲಾದ 60 ಮಂದಿಯದು. ಮೊದಲು ಒಂದು ವಾರ ಔಷಧಿ ಕೊಟ್ಟು ಕುಡಿತದ ವಿಷ ಇಳಿಸಿದರು, ಆಮೇಲೆ 30 ಮಂದಿಗೆ ಎರಡು ವಾರ ಅದೇ ಉಸಿರಿನ ಅಭ್ಯಾಸ ಮಾಡಿಸಿದರು. ಅಭ್ಯಾಸ ಮಾಡಿದವರಲ್ಲಿ ಖಿನ್ನತೆ ಹೆಚ್ಚು ಇಳಿಯಿತು. ಸಣ್ಣ ಅಧ್ಯಯನಗಳು, ಎರಡೂ ಆಸ್ಪತ್ರೆಯೊಳಗೆ ಡಾಕ್ಟರರ ಕಣ್ಣೆದುರು ನಡೆದವು. "ಡಾಕ್ಟರ್ ಬೇಡ, ಉಸಿರಾಟ ಸಾಕು" ಎಂದು ಹೇಳುವವರು ಈ ಕ್ರಮವನ್ನು ಗಮನಿಸಬೇಕು: ಮೊದಲು ಔಷಧಿ, ಆಮೇಲೆ ಅಭ್ಯಾಸ.

ಮೂರನೆಯದು ಧರ್ಮಸ್ಥಳದ್ದು. ಅಲ್ಲಿನ ಜನಜಾಗೃತಿ ವೇದಿಕೆ ಕರ್ನಾಟಕದ ಊರೂರಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರ ನಡೆಸಿದೆ. ಸುಮಾರು ಒಂದು ವಾರದ ಶಿಬಿರ, ಭಜನೆ, ಯೋಗ, ಔಷಧಿ, ಮನೆಯವರ ಜೊತೆ ಮಾತು. ನಾವು ಕಲಿಯಬೇಕಾದ್ದು ಶಿಬಿರ ಮುಗಿದ ಮೇಲಿನ ಏರ್ಪಾಡು. ಕುಡಿತ ಬಿಟ್ಟವರು ನವಜೀವನ ಸಮಿತಿ ಮಾಡಿಕೊಂಡು ಮುಂದೆಯೂ ಸೇರುತ್ತಲೇ ಇರುತ್ತಾರೆ. ಶಿಬಿರ ಮುಗಿಯುತ್ತದೆ, ಸಂಗ ಮುಗಿಯುವುದಿಲ್ಲ.

6. ಮೂರು ಅಭ್ಯಾಸ

ಮೊದಲ ಅಭ್ಯಾಸ: ತಹತಹ ಬಂದಾಗ ಶರಣು. ಕುಡಿಯಬೇಕೆಂಬ ಆಸೆ ಸಮುದ್ರದ ಅಲೆಯ ಹಾಗೆ ಏರಿ ಇಳಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಇದನ್ನೇ ಕಲಿಸುತ್ತಿದ್ದರು: ಅಲೆಯೊಡನೆ ಹೊಡೆದಾಡಬೇಡಿ, ಅದರಲ್ಲಿ ಮುಳುಗಲೂ ಬೇಡಿ, ಮೇಲೆ ನಿಂತು ಇಳಿಯುವವರೆಗೆ ನೋಡಿ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುತ್ತದೆ. ನಮ್ಮ 108 ಶರಣು ನಿಧಾನವಾಗಿ ಹೇಳಿ ಮುಗಿಸಲು ಇಪ್ಪತ್ತು ನಿಮಿಷ ಬೇಕು. ಸ್ಟೇಷನ್ ಹೊರಗೆ ವೈನ್ ಶಾಪ್ ಕಂಡಾಗ ಎದೆಯಲ್ಲಿ, ಗಂಟಲಲ್ಲಿ, ಕೈಯಲ್ಲಿ ಏನಾಗುತ್ತಿದೆ ಎಂದು ಗಮನಿಸಿ, ಶರಣು ಶುರುಮಾಡಿ, ನಡೆಯುತ್ತಿರಿ. 108 ಮುಗಿಯುವ ಹೊತ್ತಿಗೆ ಅಂಗಡಿಯೂ ದಾಟಿರುತ್ತದೆ, ಅಲೆಯೂ ಇಳಿದಿರುತ್ತದೆ.

ಎರಡನೇ ಅಭ್ಯಾಸ: ಐದು ಮೆಟ್ಟಿಲು. ಹದಿನೆಂಟು ಮೆಟ್ಟಿಲಿನಲ್ಲಿ ಮೊದಲ ಐದು ಇಂದ್ರಿಯ, ಮುಂದಿನ ಎಂಟು ರಾಗ, ಮೂರು ಗುಣ, ಕೊನೆಯ ಎರಡು ವಿದ್ಯೆ ಮತ್ತು ಅವಿದ್ಯೆ ಎಂದು ನಮಗೆ ಹೇಳಿಕೊಟ್ಟಿದ್ದಾರೆ. ಇಂದ್ರಿಯವೇ ಮೊದಲು ಬಂದದ್ದು ಸರಿಯಾಗಿದೆ, ಚಟ ಒಳಗೆ ಬರುವ ಬಾಗಿಲು ಅದೇ. ಒಂದು ಕಾಗದದಲ್ಲಿ ಐದು ಸಾಲು ಬರೆಯಿರಿ. ಯಾವುದು ಕಂಡರೆ, ಯಾವ ಸದ್ದು ಕೇಳಿದರೆ, ಯಾವ ವಾಸನೆ ಬಂದರೆ, ನಾಲಿಗೆಗೆ ಏನು ಸೋಕಿದರೆ, ಕೈಯಲ್ಲಿ ಏನು ಹಿಡಿದರೆ ನನಗೆ ಆಸೆ ಏಳುತ್ತದೆ? ಟಪ್ರಿಯ ಮುಂದಿನ ಹೊಗೆ, ಶುಕ್ರವಾರ ಸಂಜೆಯ ಮೆಸೇಜು, ಚಕಣಾದ ಖಾರ. ಬರೆದ ಮೇಲೆ ಒಂದೊಂದಕ್ಕೂ ಬೇರೆ ದಾರಿ ಹುಡುಕಿ.

ಮೂರನೇ ಅಭ್ಯಾಸ: ಖಿನ್ನತೆ ಇದ್ದವರಿಗೆ ಕಣ್ಣು ತೆರೆದ ಧ್ಯಾನ. ಮನಸ್ಸು ತುಂಬ ಕುಸಿದಿರುವಾಗ ಕತ್ತಲ ಕೋಣೆಯಲ್ಲಿ ಕಣ್ಣು ಮುಚ್ಚಿ ಗಂಟೆಗಟ್ಟಲೆ ಕೂತರೆ ಅದೇ ಕಪ್ಪು ಯೋಚನೆ ಸುತ್ತುತ್ತದೆ. ಅಯ್ಯಂಗಾರರ ಪದ್ಧತಿಯಲ್ಲೂ ಇಂಥವರಿಗೆ ಕಣ್ಣು ತೆರೆದು, ಎದೆ ಅರಳುವ ಭಂಗಿಗಳನ್ನು ಮಾಡಿಸುತ್ತಾರೆ. ದೀಪವನ್ನು ನೋಡುತ್ತಾ ಹತ್ತು ನಿಮಿಷ ಕೂರಿ, ಉಸಿರು ಬಿಡುವಾಗ ಒಂದು ಶರಣು. ಆಗದಿದ್ದರೆ ನಡೆಯುತ್ತಾ ಜಪ ಮಾಡಿ, ಅದೂ ಆಗದ ದಿನ ಭಜನೆಗೆ ಹೋಗಿ ಸುಮ್ಮನೆ ಕೂರಿ. ವಿದೇಶದಲ್ಲಿ ಸೀಗಲ್, ವಿಲಿಯಮ್ಸ್, ಟೀಸ್ಡೇಲ್ ಎಂಬ ಮೂವರು ಖಿನ್ನತೆಗೆಂದೇ ರೂಪಿಸಿದ ಎಂಟು ವಾರದ ಧ್ಯಾನದ ಕ್ರಮವಿದೆ. ಅದನ್ನು ರೂಪಿಸಿದ್ದು ಚೇತರಿಸಿಕೊಂಡವರಿಗೆ ಕಾಯಿಲೆ ಮರಳಬಾರದೆಂದು. ಆಳದಲ್ಲಿ ಬಿದ್ದವರನ್ನು ಮೊದಲು ಮೇಲೆತ್ತಬೇಕು, ಧ್ಯಾನ ಆಮೇಲೆ.

7. ಒಂದು ವೇಳೆ ಜಾರಿದರೆ

ವ್ರತ ಹಿಡಿದವರಿಗೆ ದೊಡ್ಡ ಅಪಾಯ ಮೊದಲ ಗ್ಲಾಸ್ ಅಲ್ಲ, ಅದರ ಮರುಕ್ಷಣದ ಯೋಚನೆ. "ಹೇಗೂ ವ್ರತ ಕೆಟ್ಟಿತು, ಅಯ್ಯಪ್ಪ ಇನ್ನು ನನ್ನ ಮುಖ ನೋಡುವುದಿಲ್ಲ." ಆ ನಾಚಿಕೆಯನ್ನು ಮುಚ್ಚಲು ಇಡೀ ಬಾಟಲಿ ಖಾಲಿಯಾಗುತ್ತದೆ. ದೇವರ ಎದುರು ಮಾತು ಕೊಟ್ಟವರಿಗೆ ಈ ನಾಚಿಕೆ ಬೇರೆಯವರಿಗಿಂತ ಹೆಚ್ಚು. ಆದ್ದರಿಂದ ಮೊದಲೇ ನಿರ್ಧರಿಸಿಡಿ: ಜಾರಿದ ರಾತ್ರಿಯೇ ಒಬ್ಬರಿಗೆ ಫೋನ್. ಅಷ್ಟಕ್ಕೇ ನಿಲ್ಲಿಸಿ ಮನೆಗೆ ಬರುವುದು. ಮಾಲೆಯ ವಿಷಯ ಗುರುಸ್ವಾಮಿ ನೋಡಿಕೊಳ್ಳುತ್ತಾರೆ. ನೀಲಿಮಲೆ ಹತ್ತುವಾಗ ಕಾಲು ಜಾರಿದವರು ಪಂಪೆಗೆ ವಾಪಸು ಉರುಳಿಕೊಂಡು ಹೋಗುವುದಿಲ್ಲ. ಹಗ್ಗ ಹಿಡಿದು, ಸಂಗಡಿಗರ ಕೈ ಹಿಡಿದು ಅಲ್ಲಿಂದಲೇ ಹತ್ತುತ್ತಾರೆ.

8. 42ನೇ ದಿನದ ಪಟ್ಟಿ

ಇರುಮುಡಿಯಲ್ಲಿ ಮುಂದಿನ ಭಾಗ ದೇವರಿಗೆ, ಹಿಂದಿನ ಭಾಗ ನಮ್ಮ ದಾರಿಯ ಅಗತ್ಯಕ್ಕೆ. ತುಪ್ಪ ಅಭಿಷೇಕಕ್ಕೆ ಹೋಗುತ್ತದೆ. ಮನೆಗೆ ಬಂದ ಮೇಲಿನ ದಾರಿಗೂ ಒಂದು ಗಂಟು ಬೇಕು. ಮಾಲೆ ತೆಗೆಯುವ ಮೊದಲೇ ಇವನ್ನು ಬರೆದಿಡಿ.

ಬೆಳಗಿನ ಸ್ನಾನ ಮತ್ತು ದೀಪದ ಹೊತ್ತು. ವ್ರತದಲ್ಲಿ ಇದ್ದದ್ದೇ ಇರಲಿ, ಬಿಸಿನೀರಾದರೂ ಪರವಾಗಿಲ್ಲ.
ವಾರಕ್ಕೆ ಒಂದು ಸಂಗ. ಭಜನೆ, ಎಎ ಸಭೆ, ಸಮಾಲೋಚಕರ ಭೇಟಿ ಯಾವುದಾದರೂ ಸರಿ. ಎಎ ಸಭೆಗೆ ಶುಲ್ಕವಿಲ್ಲ, ಕುಡಿತ ಬಿಡುವ ಇಚ್ಛೆ ಇದ್ದರೆ ಸಾಕು.
ಇಬ್ಬರ ಫೋನ್ ನಂಬರ್. ರಾತ್ರಿ ಎರಡು ಗಂಟೆಗೂ ಎತ್ತುತ್ತೇನೆ ಎಂದು ಒಪ್ಪಿಕೊಂಡವರದು.
ತಿಂಗಳಿಗೆ ಒಂದು ಸೇವೆ. ಅನ್ನದಾನ ಮಂಡಲ ಕಾಲಕ್ಕೆ ಮಾತ್ರ ಮೀಸಲಲ್ಲ.
ಡಿಸೆಂಬರ್ 31ರ ರಾತ್ರಿ ಎಲ್ಲಿರುತ್ತೇನೆ, ಯಾರ ಜೊತೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಗುರುಸ್ವಾಮಿಯ ಅನುಮತಿ ಕೇಳಿ ಮಾಲೆಯನ್ನು ಜನವರಿ 14ರ ಸುಮಾರಿನ ಮಕರಜ್ಯೋತಿಯವರೆಗೆ ಇಟ್ಟುಕೊಳ್ಳಿ.

9. ಸಂಗಡಿಗ ಸ್ವಾಮಿಗಳಿಗೆ

ನಮ್ಮ ಜೊತೆಗಿನವರು "ಬದುಕಿ ಏನು ಪ್ರಯೋಜನ", "ಇದೇ ನನ್ನ ಕೊನೆಯ ಯಾತ್ರೆ" ಎಂದರೆ ಅದನ್ನು ವೈರಾಗ್ಯ ಎಂದು ತಿಳಿಯಬೇಡಿ. "ಸಾಯುವ ಯೋಚನೆ ಬರ್ತಾ ಇದೆಯಾ ಸ್ವಾಮಿ?" ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಹೌದೆಂದರೆ ಒಬ್ಬರನ್ನೇ ಬಿಡಬೇಡಿ. ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆಯೂ ಉಚಿತ, ಭಾಷೆ ಆರಿಸಿಕೊಳ್ಳಬಹುದು. ಚಟ ಬಿಡಲು ಸಹಾಯಕ್ಕೆ 14446. ಥಾಣೆಯಲ್ಲಿ 1901ರಿಂದ ಇರುವ ಸರ್ಕಾರಿ ಮನೋರುಗ್ಣಾಲಯವಿದೆ. ಹೆಸರು ಕೇಳಿ ನಗುವವರು ನಗಲಿ, ಅಲ್ಲಿ ಹೊರರೋಗಿ ವಿಭಾಗದಲ್ಲಿ ನಮ್ಮಂಥವರೇ ಸಾಲಿನಲ್ಲಿ ಇರುತ್ತಾರೆ.

ಸನ್ನಿಧಾನದ ಎದುರು "ತತ್ತ್ವಮಸಿ" ಎಂದು ಬರೆದಿದೆ. ನೀನೇ ಅದು. ಮಾಲೆ ಹಾಕಿದಾಗ ಮಾತ್ರ ಎಂದು ಅಲ್ಲಿ ಬರೆದಿಲ್ಲ. ಆದ್ದರಿಂದ ಒಂದು ಸಣ್ಣ ವಿನಂತಿ. ಕುಡಿತ ಬಿಡಲು ಹೆಣಗುತ್ತಿರುವ, ಮಾತ್ರೆ ತೆಗೆದುಕೊಳ್ಳುತ್ತಿರುವ ನಿಮ್ಮ ಗೆಳೆಯನನ್ನು 42ನೇ ದಿನವೂ "ಸ್ವಾಮಿ" ಎಂದೇ ಕರೆಯಿರಿ. ಫೆಬ್ರವರಿಯಲ್ಲೂ, ಮೇ ತಿಂಗಳಲ್ಲೂ ಹಾಗೇ ಕರೆಯಿರಿ.

ಈ ವಾರ ಯೋಚಿಸಲು ಮೂರು ಪ್ರಶ್ನೆ:
ಐದು ವಿಷಯಗಳಲ್ಲಿ (ಹೊತ್ತು, ಸಂಗ, ಹೆಸರು, ಗುರುತು, ಸೇವೆ) ಮಾಲೆ ತೆಗೆದ ಮೇಲೆ ನನ್ನಲ್ಲಿ ಮೊದಲು ಯಾವುದು ಬಿಟ್ಟುಹೋಗುತ್ತದೆ?
ರಾತ್ರಿ ಎರಡು ಗಂಟೆಗೆ ನಾನು ಯಾರಿಗೆ ಫೋನ್ ಮಾಡಬಲ್ಲೆ? ನನಗೆ ಯಾರು ಮಾಡಬಲ್ಲರು?
ನಮ್ಮ ತಂಡದಲ್ಲಿ ಮಾಲೆಗೆ ಮೊದಲು ಡಾಕ್ಟರನ್ನು ನೋಡಬೇಕಾದ ಸ್ವಾಮಿ ಯಾರಾದರೂ ಇದ್ದಾರೆಯೇ?

ಮೂರನೆಯದಕ್ಕೆ ಉತ್ತರ ಹೌದು ಎಂದಾದರೆ ಅವರೊಬ್ಬರಿಗೇ ಫೋನ್ ಮಾಡಿ ಮಾತಾಡಿ. ಹೆಸರನ್ನು ಗ್ರೂಪಿನಲ್ಲಿ ಹಾಕಬೇಡಿ.

ಸ್ವಾಮಿ ಶರಣಂ.